ತಾಯಿಯ ನಿರ್ಧಾರವೂ ಚೆರ್ನೋಬಿಲ್ ಗ್ರಂಥವೂ

ಬೆಲಾರೂಸಿನ ಲೇಖಿಕೆ ಸ್ವೆಟ್ಲಾನಾ ಅಲೆಕ್ಸಿಯೆವಿಚ್ಚರ ‘ಚೆರ್ನೋಬಿಲ್ ಪ್ರಾರ್ಥನೆ’ಯು 1997ರಲ್ಲಿ ಪ್ರಕಟವಾದುದು. 1986ನೆಯ ಏಪ್ರಿಲ್ 26ರ ಪರಮಾಣು ದುರಂತವನ್ನು ಕಂಡುಂಡವರ ಮಾತುಗಳೇ ಅದರ ಶರೀರ. ಮಕ್ಕಳೊಡನೆ ಊರು ಬಿಡಬೇಕೆ, ನಿಲ್ಲಬೇಕೆ ಎಂಬುದನ್ನು ತಾಯಿಯು ಹೇಗೆ ನಿಶ್ಚಯಿಸುತ್ತಾಳೆಂಬ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಓದಿದರೆ ಈ ಗ್ರಂಥದ ಗುಣದೋಷಗಳೆರಡೂ ವ್ಯಕ್ತವಾಗುತ್ತವೆ.

ಪ್ರಿಪ್ಯಾತ್ ಪಟ್ಟಣದ ತಾಯಂದಿರಿಗೆ ನಿರ್ಧಾರವೆಂಬುದೇ ಇರಲಿಲ್ಲ. ಸ್ಫೋಟವಾಗಿ ಸುಮಾರು 36 ಗಂಟೆಗಳ ತರುವಾಯ ಸರ್ಕಾರವೇ ಅವರನ್ನು ಬಸ್ಸುಗಳಲ್ಲಿ ಸಾಗಿಸಿತು. ಕೆಲವೇ ದಿನಗಳಲ್ಲಿ ಮರಳಬಹುದೆಂಬ ನಂಬಿಕೆಯಿಂದ ಅವರು ಹೊರಟರು. ತಿಳಿವಳಿಕೆಯನ್ನು ಮುಚ್ಚಿಟ್ಟ ಕಡೆಯಲ್ಲಿ ವಿವೇಚನೆಗೆ ಅವಕಾಶವೆಲ್ಲಿ? ಇದಕ್ಕಿಂತ ಗಹನವಾದ ಭಾಗವು ಬೇರೊಂದುಂಟು. ತಜಿಕಿಸ್ತಾನ, ಕಿರ್ಗಿಜ್‌ಸ್ತಾನಗಳ ಕಲಹಕ್ಕೆ ಅಂಜಿ, ಇತರರು ತೊರೆದುಹೋದ ವಿಷಭೂಮಿಗೇ ಮಕ್ಕಳನ್ನು ಕರೆತಂದವರ ಮಾತು ಅದು. ಕಾಣದ ಕಿರಣಕ್ಕಿಂತ ಕೋವಿ ಹಿಡಿದ ಮನುಷ್ಯನೇ ಅವರಿಗೆ ಭಯಂಕರ. ತಾಯಿಯು ಅಪಾಯವನ್ನು ಒಂಟಿಯಾಗಿ ಅಳೆಯುವುದಿಲ್ಲ, ಒಂದನ್ನು ಮತ್ತೊಂದರೊಡನೆ ತೂಗುತ್ತಾಳೆ ಎಂಬ ಸತ್ಯವು ಇಲ್ಲಿ ಗೋಚರಿಸುತ್ತದೆ.

ತೂಗುವುದಕ್ಕೆ ಅಳತೆ ಬೇಕು. ಆಲಮಟ್ಟಿಯ ಅಣೆಕಟ್ಟಿಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯವು 519.6 ಮೀಟರ್ ಎತ್ತರಕ್ಕೆ ಸಮ್ಮತಿಸಿತು. ಊರು ಬಿಡುವ ದುಃಖವು ಕೃಷ್ಣಾತೀರದವರಿಗೂ ಕಡಮೆಯದಲ್ಲ. ಬಾಗಲಕೋಟೆಯ ತಗ್ಗಿನ ಭಾಗದವರು ನವನಗರಕ್ಕೆ ಏಳಬೇಕಾಯಿತು. ಆದರೆ ಆ ಅಂಕೆಯನ್ನು ಗೋಡೆಯ ಮೇಲೆ ಗೀಟೆಳೆದು ತೋರಿಸಬಹುದು. ಏರುವ ನೀರು ಕಣ್ಣಿಗೆ ಕಾಣುವಂಥದು. 2011ರಲ್ಲಿ ಜಪಾನಿನ ಫುಕುಶಿಮಾ ದುರಂತದ ಬಳಿಕ ಶಾಲೆಗಳ ಮಟ್ಟಿಗೆ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿಯನ್ನು ಸಾರಿದಾಗ, ಅದನ್ನು ಕಣ್ಣಿನಿಂದ ಒರೆಹಚ್ಚುವ ಬಗೆ ಯಾವ ತಾಯಿಗೂ ಇರಲಿಲ್ಲ. ತಾಯಂದಿರ ಪ್ರತಿಭಟನೆಯ ಮೇಲೆ ಸರ್ಕಾರವು 1 ಮಿಲಿಸೀವರ್ಟನ್ನು ಗುರಿಯಾಗಿ ಒಪ್ಪಿತು. ಅನೇಕರು ದುಡಿಮೆಗಾಗಿ ಗಂಡನನ್ನು ಅಲ್ಲಿಯೇ ಬಿಟ್ಟು, ಮಕ್ಕಳೊಡನೆ ದೂರ ಹೋದರು.

ಇಲ್ಲಿ ಕನ್ನಡದ ‘ಗೋವಿನ ಹಾಡು’ ನೆನಪಿಗೆ ಬರತಕ್ಕದ್ದು. ಪುಣ್ಯಕೋಟಿಯ ಸತ್ಯವನ್ನು ಹೊಗಳುವವರು ಅದರ ನಡುಭಾಗವನ್ನು ಲಕ್ಷಿಸುವುದು ವಿರಳ. ಕರುವಿನ ಅಳಲು ತನ್ನನ್ನು ಸಲಹುವವರು ಯಾರೆಂಬುದು. ತಾಯಿಯು ಅದನ್ನು ಹಟ್ಟಿಯ ಉಳಿದ ಹಸುಗಳ ಕೈಗೊಪ್ಪಿಸಿಯೇ ಹೊರಡುತ್ತಾಳೆ. ಅಂದರೆ ನಿರ್ಧಾರವು ತಾಯಿಯ ಎದೆಯೊಂದರಲ್ಲಿಯೇ ಹುಟ್ಟುವುದಲ್ಲ. ಮಗುವನ್ನು ತನ್ನದೆನ್ನುವ ಬಳಗವೂ ಅದಕ್ಕೆ ಆಧಾರ. ಬಳಗವಿಲ್ಲದವಳು ನಿಂತರೆ ಅಜ್ಞಾನಿಯೆಂದೂ, ಹೊರಟರೆ ಹೇಡಿಯೆಂದೂ ದೂಷಿಸುವುದು ನ್ಯಾಯವಲ್ಲ.

ಅಲೆಕ್ಸಿಯೆವಿಚ್ಚರ ಗ್ರಂಥದ ಕೊರತೆಯೂ ಇಲ್ಲಿಯೇ ಇದೆ. ಕೇಳಿದ ಪ್ರಶ್ನೆಗಳನ್ನು ಬಹುಮಟ್ಟಿಗೆ ತೆಗೆದು ಉತ್ತರಗಳನ್ನು ಸ್ವಗತವಾಗಿಸಿರುವುದರಿಂದ ಶೋಕವು ತುಂಬಿ ಹರಿಯುತ್ತದೆ; ಆದರೆ ಯಾರನ್ನು ಕೇಳಿ, ಯಾರ ನೆರವನ್ನು ನೆಚ್ಚಿ ನಿಶ್ಚಯಿಸಿದರೆಂಬ ಕ್ರಮವು ಹಲವೆಡೆ ಮಸುಕಾಗುತ್ತದೆ. ಹಾಡು ಕೆಲವೇ ನುಡಿಗಳಲ್ಲಿ ಕಾಣಿಸಿದ ಆ ಸಂಬಂಧವನ್ನು ಓದುಗನು ಇಲ್ಲಿ ತಾನೇ ಹುಡುಕಿಕೊಳ್ಳಬೇಕು. ಹಾಗೆ ಹುಡುಕಿ ಓದುವವನಿಗೆ ಈ ಗ್ರಂಥವು ಶೋಕಗೀತೆಯಾಗಿ ಮಾತ್ರವಲ್ಲದೆ ವಿವೇಕದ ದಾಖಲೆಯಾಗಿಯೂ ನಿಲ್ಲುತ್ತದೆ.