ಸ್ಟೆಪ್ನಿಯ ಮೇಲಿನ ಪುಟ್ಟ ಡಬ್ಬಿ

ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುವ ಉತ್ತರ ಅಮೆರಿಕದ ಊರುಗಳಲ್ಲಿ ಫೋರ್ಡ್ ಎಫ್-150 ಪಿಕಪ್ ಟ್ರಕ್ಕಿನ ಒಂದು ಕಾಯಿಲೆ ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತು. 2004ರಿಂದ 2008ರವರೆಗಿನ ಗಾಡಿಗಳು ಓಡುತ್ತಲೇ ಮುಗ್ಗರಿಸುತ್ತವೆ, ಇಲ್ಲವೇ ಸ್ಟಾರ್ಟೇ ಆಗುವುದಿಲ್ಲ. ಅವಸರದವರು ಟ್ಯಾಂಕ್ ಇಳಿಸಿ ಇಂಧನದ ಪಂಪ್ ಬದಲಿಸುತ್ತಾರೆ.

ನುರಿತ ಮೆಕ್ಯಾನಿಕ್ ಮೊದಲು ಕಿವಿಗೊಡುತ್ತಾನೆ. ಕೀಲಿ ತಿರುಗಿಸಿದೊಡನೆ ಟ್ಯಾಂಕಿನೊಳಗೆ ಪಂಪ್ ಒಂದೆರಡು ಸೆಕೆಂಡ್ ಗುಂಯ್‌ಗುಡಬೇಕು. ಸದ್ದಿಲ್ಲ. ಸ್ಕ್ಯಾನರ್‌ನಲ್ಲಿ ಪಿ1233 ಕೋಡ್: ಪಂಪನ್ನು ನಡೆಸುವ ಮಾಡ್ಯೂಲ್ ಎಂಜಿನ್ ಕಂಪ್ಯೂಟರಿಗೆ ಉತ್ತರವನ್ನೇ ಕೊಡುತ್ತಿಲ್ಲ. ಹಾಗೆಂದು ಆಗಲೇ ಹೊಸದನ್ನು ತರಿಸುವುದೂ ತಪ್ಪು. ಮಾಡ್ಯೂಲಿಗೆ ಬ್ಯಾಟರಿಯ ವೋಲ್ಟೇಜ್ ಬರುತ್ತಿದೆಯೇ, ಅರ್ಥ್ ಗಟ್ಟಿಯಿದೆಯೇ ಎಂದು ಮಲ್ಟಿಮೀಟರ್ ಹಿಡಿದು ನೋಡಬೇಕು. ಫ್ಯೂಸ್, ವೈರು ಕೈಕೊಟ್ಟಿದ್ದರೂ ಇದೇ ಕೋಡ್ ಬರಬಹುದು. ಈ ತಾಳ್ಮೆಯೇ ಕಸುಬು.

ಈ ಮಾಡ್ಯೂಲಿನ ಡಬ್ಬಿ ಇರುವುದು ಸ್ಟೆಪ್ನಿಯ ಮೇಲೆ, ಚಾಸಿಯ ಉಕ್ಕಿನ ಅಡ್ಡಪಟ್ಟಿಯಲ್ಲಿ. ಬಿಚ್ಚಿ ತಿರುಗಿಸಿದರೆ ಬೆನ್ನಿನ ಅಲ್ಯೂಮಿನಿಯಂ ತಟ್ಟೆ ಬಿಳಿ ಹುಡಿಯಾಗಿ ಉದುರುತ್ತದೆ. ಬಿರುಕಿನಿಂದ ನೀರು ಒಳಗಿನ ಸರ್ಕ್ಯೂಟಿಗೂ ಇಳಿದಿರುತ್ತದೆ. ಉಕ್ಕು, ಅಲ್ಯೂಮಿನಿಯಂ ಅಂಟಿಕೊಂಡಿರುವಲ್ಲಿ ಉಪ್ಪುನೀರು ನಿಂತರೆ ಸವೆಯುವುದು ಅಲ್ಯೂಮಿನಿಯಮ್ಮೇ.

ಬದಲಿಗೆ ಬಂದ ಹೊಸ ಡಬ್ಬಿಯ ಜಾಣ್ಮೆ ಅದರ ಪುಟ್ಟ ಕಾಲುಗಳಲ್ಲಿದೆ. ಅವು ತಟ್ಟೆಯನ್ನು ಉಕ್ಕಿನಿಂದ ತುಸು ಮೇಲಕ್ಕೆತ್ತಿ ಹಿಡಿಯುತ್ತವೆ, ನಡುವೆ ಗಾಳಿಯಾಡುತ್ತದೆ, ನೀರು ನಿಲ್ಲುವುದಿಲ್ಲ. ಎಷ್ಟು ಸರಳ, ಎಷ್ಟು ಸೊಗಸು!

ಈ ಗಾಡಿ ಇಟ್ಟುಕೊಂಡವರು ಪಂಪಿಗೆ ದುಡ್ಡು ಸುರಿಯುವ ಮುನ್ನ ಒಮ್ಮೆ ಸ್ಟೆಪ್ನಿ ಇಳಿಸಿ, ಮೇಲೆ ಟಾರ್ಚ್ ಹಾಯಿಸಿ ನೋಡಲಿ.