ಎತ್ತರದ ಅಳತೆ

ಬಂಗಾಳಿಯ ಮಹಾಶ್ವೇತಾದೇವಿಯವರ (1926–2016) ‘ಶಿಶು’ ಎಂಬ ಸಣ್ಣಕಥೆ ಓದುಗನನ್ನು ಮೊದಲು ಹೆದರಿಸುತ್ತದೆ, ಅನಂತರ ನಾಚಿಸುತ್ತದೆ. ಹೆದರಿಸುವ ಕಥೆಗಳು ನಮ್ಮಲ್ಲಿ ಬೇಕಾದಷ್ಟಿವೆ. ನಾಚಿಸುವ ಕಥೆಗಳು ವಿರಳ.

ವಸ್ತು ಸರಳವಾದುದು. ಛೋಟಾನಾಗಪುರದ ಲೋಹ್ರಿ ಎಂಬ ಬರಡು ಸೀಮೆಗೆ ಬರಪರಿಹಾರದ ಅಧಿಕಾರಿಯೊಬ್ಬ ಬರುತ್ತಾನೆ. ರಾತ್ರಿಯ ಹೊತ್ತು ಮಕ್ಕಳಂತಹ ಆಕೃತಿಗಳು ಬಂದು ಪರಿಹಾರದ ಧಾನ್ಯವನ್ನು ಕದ್ದೊಯ್ಯುತ್ತವೆಂದು ಕೇಳುತ್ತಾನೆ. ಕೊನೆಗೆ ಕಳ್ಳರನ್ನು ಬೆನ್ನಟ್ಟಿದಾಗ ಎದುರು ನಿಂತವರು ಮಕ್ಕಳಲ್ಲ; ಪ್ರಾಯ ಸಂದ ಗಂಡಸರು, ಹೆಂಗಸರು. ಕಬ್ಬಿಣದ ಅದಿರಿಗಾಗಿ ತಮ್ಮ ಪವಿತ್ರ ಬೆಟ್ಟಕ್ಕೆ ಕೈಹಾಕಿದವರನ್ನು ಕೊಂದು ಕಾಡು ಸೇರಿದ ಅಗಾರಿಯಾ ಜನರವರು. ಹಸಿವಿನಿಂದ ಮೈ ಕುಗ್ಗಿ, ಸಂತಾನಶಕ್ತಿ ಉಡುಗಿ, ಕೆಲವರಷ್ಟೇ ಉಳಿದಿದ್ದಾರೆ.

ಅಧಿಕಾರಿಯನ್ನು ಖಳನನ್ನಾಗಿ ಮಾಡದಿರುವುದು ಲೇಖಕಿಯ ದೊಡ್ಡ ವಿವೇಕ. ಆತ ಪ್ರಾಮಾಣಿಕ, ದಯಾವಂತ. ಆದರೆ ಅವರ ನಡುವೆ ನಿಂತಾಗ ಅವನ ಸಾಧಾರಣ ಎತ್ತರವೇ ಅಪರಾಧವಾಗಿ ತೋರುತ್ತದೆ. ಓದುವ ನಮಗೂ ಆ ಅಳತೆ ತಪ್ಪುವುದಿಲ್ಲ.

ವೈದ್ಯರು ಇಲ್ಲಿ ಆಕ್ಷೇಪವೆತ್ತಬಹುದು. ಉಪವಾಸದಿಂದ ಬೆಳೆದವರು ಬಡಕಲಾಗುತ್ತಾರೆ, ಗಿಡ್ಡರಾಗುವುದಿಲ್ಲ. ಬೆಳವಣಿಗೆ ಕುಂಠಿತವಾಗುವುದು ಮುಖ್ಯವಾಗಿ ಗರ್ಭದಲ್ಲಿ ಮತ್ತು ಹುಟ್ಟಿದ ಮೊದಲೆರಡು ವರ್ಷಗಳಲ್ಲಿ. ಆಕ್ಷೇಪ ಸರಿ. ಆದರೂ ಕಥೆ ಸುಳ್ಳಾಗುವುದಿಲ್ಲ. ಉಣ್ಣದ ತಾಯಿಗೆ ತೂಕ ಕಡಿಮೆಯ ಕೂಸು. ಆ ಕೂಸು ಗಿಡ್ಡವಾಗಿ ಬೆಳೆದು ತಾಯಾದರೆ ಮತ್ತೆ ಅಂತಹುದೇ ಕೂಸು. ತಲೆಮಾರುಗಳಲ್ಲಿ ನಡೆಯುವ ಈ ಕುಗ್ಗುವಿಕೆಯನ್ನು ಲೇಖಕಿ ಒಂದೇ ಜೀವಮಾನಕ್ಕೆ ಇಳಿಸಿದ್ದಾರೆ. ಉತ್ಪ್ರೇಕ್ಷೆಯೆನ್ನಿ; ಅದು ಕಾಣದುದನ್ನು ಕಾಣಿಸಲು ಬಂದ ಉತ್ಪ್ರೇಕ್ಷೆ.

ನಮ್ಮ ಅತೃಪ್ತಿ ಬೇರೆಯೇ. ಈ ಜನ ಹಸಿವಿಗೆ ಮುಂಚೆ ಏನು ಉಣ್ಣುತ್ತಿದ್ದರು, ಹೇಗೆ ಬಾಳುತ್ತಿದ್ದರು ಎಂಬುದರ ರುಚಿ ಕಥೆಯಲ್ಲಿ ಸಾಲದು. ವೆರಿಯರ್ ಎಲ್ವಿನ್ ಅವರು 1942ರಲ್ಲಿ ಪ್ರಕಟಿಸಿದ ‘ದಿ ಅಗಾರಿಯಾ’ ಗ್ರಂಥ ಈ ಕೊರತೆಯನ್ನು ತುಂಬಬಲ್ಲುದು. ಅಗಾರಿಯರು ಅದಿರು ಕರಗಿಸಿ ಕಬ್ಬಿಣ ತೆಗೆಯುವ ಕುಶಲಿಗಳು. ಕುಲುಮೆಯ ಮೇಲೆ ತೆರಿಗೆ ಬಿತ್ತು. ಇದ್ದಿಲಿಗೆ ಮರ ಕಡಿಯಲು ಅಡ್ಡಿ ಬಂತು. ಸಂತೆಗೆ ಅಗ್ಗದ ಕಬ್ಬಿಣ ಬಂತು. ಕುಲುಮೆ ಆರಿದ ಮನೆಯಲ್ಲಿ ಒಲೆಯೂ ಆರುವುದು ಸಹಜವಷ್ಟೆ. ಕಸುಬನ್ನು ಕಿತ್ತುಕೊಂಡು ಕಾಳು ಹಂಚುವುದೇ ಪರಿಹಾರವೆನಿಸಿದರೆ ಅದು ಎಂದಿಗೂ ಸಾಲದು. ಈ ಮಾತನ್ನು ಕಥೆ ಸೂಚಿಸುತ್ತದೆಯೇ ಹೊರತು ಬೆಳೆಸುವುದಿಲ್ಲ.

ಇದು ಹಳೆಯ ಕಥೆಯೆಂದು ಸಮಾಧಾನಪಡುವಂತಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇಕಡಾ 35.5ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಪರಿಶಿಷ್ಟ ಪಂಗಡಗಳಲ್ಲಿ ಇದು ಶೇಕಡಾ 40.9. ಅಂಕಿಗಳನ್ನು ಓದಿ ಮರೆಯುವುದು ಸುಲಭ. ‘ಶಿಶು’ವನ್ನು ಓದಿದವರಿಗೆ ಅಷ್ಟು ಸುಲಭವಾಗಲಾರದು. ಒಂದು ಕಥೆಯಿಂದ ಇದಕ್ಕಿಂತ ಹೆಚ್ಚನ್ನು ಕೇಳುವುದು ನ್ಯಾಯವಲ್ಲ.