ಧ್ವನಿಯ ಅಭಾವವೋ ಭಾಷೆಯ ಅಭಾವವೋ: ಮೂರನೆಯ ಚರಾಂಶದ ಪ್ರಶ್ನೆ

ಕಿವುಡ ಮಕ್ಕಳ ಅರಿವಿನ ಬೆಳವಣಿಗೆಯನ್ನು ಕುರಿತ ಚರ್ಚೆ ಎರಡು ನಿಲುವುಗಳ ನಡುವೆ ಸಾಗಿ ಬಂದಿದೆ. ಕಾನ್‌ವೇ, ಪಿಸೋನಿ ಮತ್ತು ಕ್ರೋನೆನ್‌ಬರ್ಗರ್ 2009ರಲ್ಲಿ ಮಂಡಿಸಿದ ಪ್ರಾಕ್ಕಲ್ಪನೆಯಂತೆ, ಧ್ವನಿಯು ಕಾಲಾನುಕ್ರಮದಲ್ಲಿ ಒದಗುವಂಥದಾದ್ದರಿಂದ ಅನುಕ್ರಮವನ್ನು ಗ್ರಹಿಸುವ ಸಾಮರ್ಥ್ಯವು ಅದರ ಆಸರೆಯಲ್ಲಿ ಬೆಳೆಯುತ್ತದೆ. ಹಾಲ್ ಮತ್ತು ಸಂಗಡಿಗರು 2017ರಲ್ಲಿ ಇದಕ್ಕೆ ಪ್ರತಿಯಾಗಿ, ಕಿವುಡ ತಂದೆತಾಯಿಯರಿಂದ ಹುಟ್ಟಿನಿಂದಲೇ ಸಂಜ್ಞಾಭಾಷೆ ಪಡೆದ ಮಕ್ಕಳನ್ನು ಮುಂದಿಟ್ಟರು. ಪೋಷಕರ ವರದಿಯನ್ನು ಆಧರಿಸಿದ ಮಾಪನದಲ್ಲಿ ಈ ಮಕ್ಕಳ ಕಾರ್ಯನಿರ್ವಹಣಾ ಸಾಮರ್ಥ್ಯ ಕುಂದಿರಲಿಲ್ಲ. ಹಾಗಾದರೆ ಬಾಧಿಸುವುದು ಧ್ವನಿಯ ಅಭಾವವಲ್ಲ, ಭಾಷೆಯ ಅಭಾವವಿರಬಹುದು.

ಈ ಎರಡನೆಯ ನಿಲುವು ಹೆಚ್ಚು ಮನವರಿಕೆಯಾಗುವಂಥದು. ಆದರೂ ಹೋಲಿಕೆಗೊಳಗಾಗುವ ಗುಂಪುಗಳು ಭಾಷಾನುಭವದಲ್ಲಿ ಮಾತ್ರ ಭಿನ್ನವಾಗಿರುವುದಿಲ್ಲ. ಒಳಕಿವಿಯಲ್ಲಿ ಶ್ರವಣದ ಕಾಕ್ಲಿಯಾ ಮತ್ತು ಸಮತೋಲನದ ಅಂಗಗಳು ಒಂದೇ ದ್ರವವ್ಯವಸ್ಥೆಯನ್ನೂ ಎಂಟನೆಯ ಕಪಾಲನರವನ್ನೂ ಹಂಚಿಕೊಂಡಿವೆ. ಮೆನಿಂಜೈಟಿಸ್ ಹಾಗೂ ಜನ್ಮಜಾತ ಸೈಟೊಮೆಗಾಲೊವೈರಸ್ ಸೋಂಕು ಎರಡನ್ನೂ ಕೆಡಿಸಬಲ್ಲವು. ಜಿಜೆಬಿ2 ವಂಶವಾಹಿಯಿಂದ ಬರುವ ಕಿವುಡಿನಲ್ಲಿ ಸಮತೋಲನ ಬಹುಮಟ್ಟಿಗೆ ಉಳಿದಿರುತ್ತದೆ. ಕಿವುಡ ತಂದೆತಾಯಿಯರ ಕಿವುಡ ಮಕ್ಕಳಲ್ಲಿ ಆನುವಂಶಿಕ ಕಾರಣವೇ ಪ್ರಧಾನ. ಕಾಕ್ಲಿಯರ್ ಇಂಪ್ಲಾಂಟ್ ಪಡೆದವರ ಗುಂಪಿನಲ್ಲಿ ಎಲ್ಲ ಕಾರಣಗಳೂ ಬೆರೆತಿರುತ್ತವೆ, ಶಸ್ತ್ರಚಿಕಿತ್ಸೆಯೂ ಕೆಲವೊಮ್ಮೆ ಸಮತೋಲನಾಂಗಕ್ಕೆ ಘಾಸಿಮಾಡುತ್ತದೆ. ಹೀಗಾಗಿ ಭಾಷೆಯ ಫಲವೆಂದು ಎಣಿಸಿದ್ದರಲ್ಲಿ ಒಂದು ಪಾಲು ಸಮತೋಲನದ ಫಲವಾಗಿರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು.

ಇದು ಬರಿಯ ಊಹೆಯಲ್ಲ. ಎರಡೂ ಬದಿಯ ಸಮತೋಲನಾಂಗದ ಕಾರ್ಯ ನಷ್ಟವಾದ ವಯಸ್ಕರಲ್ಲಿ ಹಿಪ್ಪೊಕ್ಯಾಂಪಸ್ ಕುಗ್ಗಿರುವುದನ್ನೂ ಸ್ಥಳಸ್ಮೃತಿ ಕುಂದಿರುವುದನ್ನೂ ಬ್ರಾಂಟ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದ್ದಾರೆ. ವಯಸ್ಕರ ಫಲಿತಾಂಶವನ್ನು ಮಕ್ಕಳಿಗೆ ನೇರವಾಗಿ ಅನ್ವಯಿಸಲಾಗದು, ನಿಜ. ಆದರೆ ಇಂಥ ದೋಷವುಳ್ಳ ಶಿಶುವಿಗೆ ಕತ್ತು ನಿಲ್ಲುವುದೂ ನಡಿಗೆ ಬರುವುದೂ ತಡವಾಗುತ್ತದೆಂಬುದು ಚಿಕಿತ್ಸಕರಿಗೆ ಚಿರಪರಿಚಿತ. ಪರಿಸರವನ್ನು ಅರಿಯುವ ಅದರ ಮೊದಲ ಯತ್ನಗಳೇ ಹಿಂದೆ ಬೀಳುತ್ತವೆ.

ಈ ಆಕ್ಷೇಪವು ಮೊದಲ ನಿಲುವನ್ನೂ ಉಳಿಸುವುದಿಲ್ಲ. ಇಂಪ್ಲಾಂಟ್ ಗುಂಪಿನ ಹಿನ್ನಡೆಗೆ ಧ್ವನಿಯ ಕೊರತೆಯೊಂದೇ ಕಾರಣವೆನ್ನುವುದನ್ನೂ ಅದು ಸಡಿಲಗೊಳಿಸುತ್ತದೆ. ಕಿವುಡಿನ ಕಾರಣ ಮತ್ತು ಸಮತೋಲನದ ಮಾಪನ ಎರಡನ್ನೂ ದಾಖಲಿಸಿ, ಭಾಷಿಕ ಅನುಕ್ರಮವನ್ನೂ ಸ್ಥಳಸಂಬಂಧಿ ಸ್ಮೃತಿಯನ್ನೂ ಬೇರೆಬೇರೆಯಾಗಿ ಪರೀಕ್ಷಿಸುವ ಅಧ್ಯಯನವೇ ವಾದವನ್ನು ಇತ್ಯರ್ಥಗೊಳಿಸಬಲ್ಲುದು. ಸ್ಥಳವನ್ನೇ ವ್ಯಾಕರಣವಾಗಿ ಬಳಸುವ ಸಂಜ್ಞಾಭಾಷೆಯ ಕಲಿಕೆಯಲ್ಲಿ ಸಮತೋಲನದ ಪಾತ್ರವೇನೆಂಬುದು ಭಾಷಾವಿಜ್ಞಾನಿಗಳೇ ಕೇಳಬೇಕಾದ ಪ್ರಶ್ನೆ. ಉತ್ತರ ಬರುವವರೆಗೆ ಮಗುವಿಗೆ ಭಾಷೆಯನ್ನು ತಡೆಹಿಡಿಯಲು ಯಾವ ನಿಲುವೂ ಸಮರ್ಥನೆಯಾಗದು. ಭಾಷೆ ದೊರೆತ ಮಾತ್ರಕ್ಕೆ ಸಮತೋಲನದ ಪರೀಕ್ಷೆಯನ್ನು ಕೈಬಿಡುವುದೂ ಸಲ್ಲದು.